ಮಳೆಯಿಲ್ಲದೆ ಬಂದ ನೀರು: ದಾವಣಗೆರೆಯ ಒಂದು ಸೈಟಿನ ಪ್ರಕರಣ

ಈ ಪ್ರಕರಣದಲ್ಲಿ ಮೊದಲ ತಪ್ಪು ನನ್ನದು. ಅದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಓದುವಾಗ ಜೆಸಿಬಿ ಡ್ರೈವರ್ ಮೇಲೋ ಬಡಾವಣೆ ಮಾಡಿದವರ ಮೇಲೋ ಎಲ್ಲಾ ಹೊರೆ ಹಾಕಿದ ಹಾಗೆ ಕಾಣುತ್ತದೆ. 2019ರ ಏಪ್ರಿಲ್‌ನಲ್ಲಿ ಆ ಸೈಟಿಗೆ ಮಣ್ಣು ತುಂಬಿಸಿ ಮಟ್ಟ ಮಾಡಿಸಿದವನು ನಾನು. 2023ರ ಮೇ ತಿಂಗಳಲ್ಲಿ ಅದೇ ಸೈಟನ್ನು ಅಗೆಸಿ ಸರಿ ಮಾಡಿಸಿದವನೂ ನಾನೇ. ಎರಡು ಸಲವೂ ಅದೇ ಮನೆಯಲ್ಲಿ ಚಹಾ ಕುಡಿದೆ. ಎರಡನೇ ಸಲದ ಚಹಾ ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಂಡಿತು.

ಮಾಲೀಕರನ್ನು ಮೇಷ್ಟ್ರು ಅಂತ ಕರೆಯುತ್ತೇನೆ. ಅವರು ನಿಜಕ್ಕೂ ಮೇಷ್ಟ್ರಲ್ಲ. ಬಡಾವಣೆ ಯಾವುದು, ಸೈಟ್ ನಂಬರ್ ಎಷ್ಟು ಅನ್ನುವುದು ಇಲ್ಲಿ ಬೇಕಾಗಿಲ್ಲ. ದಾವಣಗೆರೆ ಅಂಚಿನಲ್ಲಿ ಇಂಥ ಸೈಟುಗಳು ಬೇಕಾದಷ್ಟಿವೆ. ಈ ಕಡೆ ಮನೆ ಸಾಲು, ಆ ಕಡೆ ಭತ್ತದ ಗದ್ದೆ, ನಡುವೆ ಒಂದು ಗರಸಿನ (ಕಲ್ಲುಚೂರು ಬೆರೆತ ಕೆಂಪು ಮಣ್ಣಿನ) ರಸ್ತೆ.

ಹಿನ್ನೆಲೆ

ದಾವಣಗೆರೆ ಸುತ್ತ ಭತ್ತ ಬೆಳೆಯುವುದು ಮಳೆ ನಂಬಿಕೊಂಡಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ಬಲದಂಡೆ ಕಾಲುವೆಯಲ್ಲಿ ನೀರು ಬರುತ್ತದೆ. ನಮ್ಮ ಬಾಯಲ್ಲಿ ಅದು ಚಾನಲ್. ಮಳೆಗಾಲದ ಬೆಳೆಗೆ ಒಂದು ಸಲ, ಬೇಸಿಗೆ ಬೆಳೆಗೆ ಒಂದು ಸಲ. ಜನವರಿಯಿಂದ ಮೇ ತನಕ ನೀರು ಬಿಟ್ಟ ವರ್ಷ, ಊರೆಲ್ಲಾ ಬಿಸಿಲಿಗೆ ಬೇಯುತ್ತಿದ್ದರೂ ಊರಾಚೆ ಗದ್ದೆಯಲ್ಲಿ ಎರಡು ಮೂರು ಇಂಚು ನೀರು ನಿಂತಿರುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಣ್ಣು ಎರೆಮಣ್ಣು. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ನೀರನ್ನು ತನ್ನೊಳಗೆ ಸುಲಭಕ್ಕೆ ಇಳಿಯಲು ಬಿಡುವುದಿಲ್ಲ. ಭತ್ತಕ್ಕೆ ಅದು ವರ, ಮನೆಗೆ ತಲೆನೋವು.

ಸುಮಾರು 2 ಎಕರೆ ಗದ್ದೆಯನ್ನು ಸೈಟು ಮಾಡಿದ್ದರು. ಮೇಷ್ಟ್ರದ್ದು 40ಕ್ಕೆ 60 ಅಡಿಯ ಸೈಟು, ಕೊನೆಯ ಸಾಲಿಗಿಂತ ಎರಡು ಸಾಲು ಮುಂದೆ. ರಸ್ತೆಗೆ ಗರಸು ಹಾಕಿ ಎತ್ತರಿಸಿದ್ದರಿಂದ ಸೈಟು ರಸ್ತೆಗಿಂತ ಒಂದೂವರೆ ಅಡಿ ತಗ್ಗಿನಲ್ಲಿತ್ತು. ಆಗ ಎಲ್ಲರೂ ಮಾಡುವುದನ್ನೇ ನಾನೂ ಹೇಳಿದೆ. "ಮೇಲಿನ ಒಂದಡಿ ಕೆಸರುಮಣ್ಣು ಕೆರೆದು ಬಿಸಾಕೋಣ. ಮೇಲೆ ಗರಸು ತುಂಬಿ ರಸ್ತೆಗಿಂತ ಒಂದಡಿ ಎತ್ತರ ಮಾಡೋಣ. ಅದರ ಮೇಲೆ ಎರಡಡಿ ಪ್ಲಿಂತ್, ಅಂದರೆ ಮನೆಯ ನೆಲಗಟ್ಟು." ಮೇಷ್ಟ್ರು ತಲೆಯಾಡಿಸಿದರು.

ಲೆಕ್ಕ ಹೀಗಿತ್ತು. 2,400 ಚದರಡಿಗೆ ಮೂರೂವರೆ ಅಡಿ ಅಂದರೆ 8,400 ಘನ ಅಡಿ. ಟಿಪ್ಪರ್ ಒಂದಕ್ಕೆ 200 ಘನ ಅಡಿ ಹಿಡಿದರೆ 42 ಲೋಡ್. ಈ 42 ನನಗೆ ಈಗಲೂ ಕನಸಲ್ಲಿ ಬರುತ್ತದೆ. ಟಿಪ್ಪರ್‌ನಲ್ಲಿ ಇರುವುದು ಅಗೆದು ಸಡಿಲವಾದ ಮಣ್ಣು. ಅದನ್ನು ಪದರ ಪದರವಾಗಿ ಹಾಸಿ, ನೀರು ಚಿಮುಕಿಸಿ, ರೋಲರ್ ಹೊಡೆದರೆ ಐದರಲ್ಲಿ ಒಂದು ಭಾಗ ಕರಗಿಹೋಗುತ್ತದೆ. ಅಂದರೆ ಅಲ್ಲಿಗೆ 50 ಲೋಡ್ ದಾಟಬೇಕಿತ್ತು. 42ಕ್ಕೇ ಮಟ್ಟ ಸರಿಯಾಗಿ ಕಂಡಿತು ಅಂದರೆ ಅರ್ಥ ಒಂದೇ, ಮಣ್ಣು ಒತ್ತಿಯೇ ಇರಲಿಲ್ಲ. ಒಂದು ಪದರ 6ರಿಂದ 8 ಇಂಚು ಇರಬೇಕು ಅಂತ ಹೇಳಿದ್ದೆ. ಆದರೆ ರೋಲರ್ ಬಾಡಿಗೆ ಕೇಳಿದಾಗ ಮೇಷ್ಟ್ರು ಮುಖ ಸಣ್ಣಗೆ ಮಾಡಿದರು. ಡ್ರೈವರ್ ನಡುವೆ ಬಾಯಿ ಹಾಕಿ, "ಟಿಪ್ಪರ್ ಓಡಾಡಿದ್ರೆ ಅದೇ ರೋಲರ್ ಅಲ್ವಾ ಸಾರ್" ಅಂದ. ನಾನು ಸುಮ್ಮನಾದೆ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಕೆಸರು ಕೆರೆಯುವ ದಿನ ಮಧ್ಯಾಹ್ನದ ಮೇಲೆ ನಾನು ಅಲ್ಲಿರಲಿಲ್ಲ. ಎರೆಮಣ್ಣು ಯಾರಿಗೋ ತೋಟಕ್ಕೆ ಬೇಕಾಗಿತ್ತಂತೆ. ಜೆಸಿಬಿಯವನು ಅಂಚಿನಲ್ಲಿ ಒಂದಡಿ ಕೆರೆದು, ನಡುವೆ ಎರಡಡಿ ತನಕ ಬಗೆದು ತುಂಬಿಸಿ ಕಳಿಸಿದ್ದ. ಸೈಟಿನ ತಳ ತಟ್ಟೆಯ ಹಾಗೆ ಆಯಿತು. ಅದರ ಮೇಲೆ ಗರಸು ಬಿತ್ತು, ಅದರ ಸುತ್ತ ಸಿಮೆಂಟ್ ಹಾಕಿ ಕಟ್ಟಿದ ಕಲ್ಲಿನ ಕಾಂಪೌಂಡ್ ಬಂತು. ಈಗ ಹಿಂತಿರುಗಿ ನೋಡಿದರೆ, ನಾವು ಮನೆ ಕಟ್ಟುವ ಮೊದಲು ಒಂದು ನೀರಿನ ತೊಟ್ಟಿ ಕಟ್ಟಿದ್ದೆವು. ತಳ ಎರೆಮಣ್ಣು, ಗೋಡೆ ಕಾಂಪೌಂಡ್, ಒಳಗೆ ತುಂಬಿದ್ದು ನೀರು ಕುಡಿಯುವ ಗರಸು. ಹೊರಗೆ ಹೋಗಲು ದಾರಿಯೇ ಇಲ್ಲ.

ತೊಂದರೆ ಕಾಣಿಸಿಕೊಂಡದ್ದು

ಗೃಹಪ್ರವೇಶ 2021ರ ಫೆಬ್ರವರಿಯಲ್ಲಿ ಆಯಿತು. ಮಾರ್ಚ್‌ನಲ್ಲೇ ಅಡುಗೆಮನೆ ಗೋಡೆಯ ಬುಡದಲ್ಲಿ ಬಣ್ಣ ಎದ್ದು ಬಿಳಿ ಉಪ್ಪು ಕಾಣಿಸಿತು. "ಹೊಸ ಗೋಡೆ, ಇನ್ನೂ ಒಣಗಿಲ್ಲ" ಅಂದೆ. ಎಲ್ಲಾ ಮೇಸ್ತ್ರಿಗಳೂ ಹೇಳುವ ಮಾತು ಅದು. ಮಾರ್ಚ್ ಬಿಸಿಲಲ್ಲಿ ದಾವಣಗೆರೆಯ ಗೋಡೆ ಬೆವರುತ್ತಾ ಅಂತ ಒಂದು ಕ್ಷಣ ಯೋಚಿಸಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಆ ವರ್ಷ ನವೆಂಬರ್‌ನಲ್ಲಿ ಅಕಾಲಿಕ ಮಳೆ ಹಿಡಿಯಿತು. ಹಿತ್ತಲಲ್ಲಿ ನೀರು ನಿಂತು ಮೂರು ದಿನವಾದರೂ ಇಳಿಯಲಿಲ್ಲ. ಪೋರ್ಟಿಕೋ ನೆಲ ಎರಡು ಇಂಚು ಕುಸಿಯಿತು. ಕಾರು ನಿಲ್ಲಿಸಿದರೆ ಮೂತಿ ಕೆಳಗಾಗಿ ನಿಲ್ಲುತ್ತಿತ್ತು. ಹಿಂದಿನ ಕಾಂಪೌಂಡ್ ಹೊರಗೆ ವಾಲಿತು. ಮನೆಯ ಕಂಬಗಳಿಗೆ ಏನೂ ಆಗಲಿಲ್ಲ, ಅವುಗಳ ಪಾಯ ಗರಸು ದಾಟಿ ಕೆಳಗೆ ಗಟ್ಟಿ ಪದರದ ತನಕ ಇಳಿದಿತ್ತು. ತೊಂದರೆ ಆದದ್ದೆಲ್ಲಾ ತುಂಬಿದ ಮಣ್ಣಿನ ಮೇಲೆ ಕೂತ ಭಾಗಗಳಿಗೆ.

ಮಾಡಿ ನೋಡಿದ ಮದ್ದುಗಳು

ಮೊದಲ ಮದ್ದು, ಇನ್ನೂ ಒಂದಡಿ ಎತ್ತರಿಸುವುದು. ಇದನ್ನು ನನ್ನನ್ನು ಕೇಳದೆ ಮಾಡಿಸಿದರು. ಕೇಳಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲವೇನೋ. ಹಿತ್ತಲಿಗೆ ಗರಸು ಹೇರಿ ಮೇಲೆ ಸಿಮೆಂಟ್ ಇಟ್ಟಿಗೆ ಜೋಡಿಸಿದರು. ಮಳೆ ನೀರು ಈಗ ಹಿಂದಿನ ಖಾಲಿ ಸೈಟಿಗೆ ಹರಿಯಿತು. ಆ ಸೈಟಿನವರು ಬಂದು ಜಗಳ ತೆಗೆದರು. "ನಿಮ್ ನೀರು ನಿಮ್ಮಲ್ಲೇ ಇಟ್ಕೊಳ್ರಿ" ಅಂದರಂತೆ. ಅವರ ಮಾತಲ್ಲಿ ತಪ್ಪಿರಲಿಲ್ಲ.

ಎರಡನೆಯದು, ಇಂಗುಗುಂಡಿ. 5 ಅಡಿ ಅಗಲ, 6 ಅಡಿ ಆಳ ತೋಡಿ ದಪ್ಪಜಲ್ಲಿ ತುಂಬಿದರು. ಚಿತ್ರದುರ್ಗದ ಕಡೆಯ ಕೆಂಪು ಗರಸು ನೆಲದಲ್ಲಿ ಇಂಥ ಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಅಲ್ಲಿ ನೋಡಿ ಬಂದ ನೆಂಟರೊಬ್ಬರು ಹೇಳಿದ್ದು. ಎರೆಮಣ್ಣಿನಲ್ಲಿ ಇಂಗುಗುಂಡಿ ಅಂದರೆ ಬಾವಿ. 2022ರ ಮಳೆಗಾಲದಲ್ಲಿ ಅದು ತುಂಬಿದ್ದು ತುಂಬಿದ ಹಾಗೇ ಇತ್ತು. ವಾಣಿವಿಲಾಸ ಸಾಗರ, ಅಂದರೆ ಹಿರಿಯೂರು ಹತ್ತಿರದ ಮಾರಿಕಣಿವೆ ಅಣೆಕಟ್ಟೆ, 89 ವರ್ಷದ ಮೇಲೆ ಕೋಡಿ ಬಿದ್ದದ್ದು ಅದೇ ವರ್ಷ. ಊರವರೆಲ್ಲಾ ಮಾರಿಕಣಿವೆ ನೋಡಲು ಹೊರಟರೆ ಮೇಷ್ಟ್ರು ಮಾತ್ರ, "ನಮ್ಮನೇಲೇ ಕೋಡಿ ಬಿದ್ದಿದೆ, ಇಲ್ಲೇ ನೋಡಿ" ಅನ್ನುತ್ತಿದ್ದರು.

ಮೂರನೆಯದು ಮೋಟರ್. ಗುಂಡಿಗೆ ಅರ್ಧ ಎಚ್‌ಪಿ ಪಂಪು ಇಳಿಸಿ ರಸ್ತೆ ಪಕ್ಕಕ್ಕೆ ನೀರು ಬಿಟ್ಟರು. ಸಂಜೆ ಖಾಲಿ, ಬೆಳಿಗ್ಗೆ ಮತ್ತೆ ಭರ್ತಿ. ರಸ್ತೆ ಬದಿಗೆ ಬಿಟ್ಟ ನೀರು ರಸ್ತೆಯ ಗರಸಿನೊಳಗೆ ಇಳಿದು, ನಲ್ಲಿ ಪೈಪಿಗೆ ತೋಡಿದ ಸಾಲು ಹಿಡಿದು, ವಾಪಸ್ ಅದೇ ಸೈಟಿಗೆ ಬರುತ್ತಿತ್ತು. ಕರೆಂಟ್ ಬಿಲ್ ಕಟ್ಟಿ ಒಂದೇ ನೀರನ್ನು ಸುತ್ತು ಹಾಕಿಸುತ್ತಿದ್ದರು. ಇದೂ ನಮಗೆ ಆಮೇಲೆ ಗೊತ್ತಾದದ್ದು.

ತಿರುವು

2023ರ ಶಿವರಾತ್ರಿ ಫೆಬ್ರವರಿ 18ಕ್ಕೆ ಬಂದಿತ್ತು. ಹಬ್ಬಕ್ಕೆ ಮೊದಲು ಸಂಪು ತೊಳೆಸೋಣ ಅಂತ ಪೂರ್ತಿ ಖಾಲಿ ಮಾಡಿಸಿದರು. ರಾತ್ರಿ ಹಾಗೇ ಬಿಟ್ಟು ಮಲಗಿದರು. ಬೆಳಿಗ್ಗೆ ಮುಚ್ಚಳ ತೆಗೆದರೆ ಒಳಗೆ ಒಂದಡಿ ನೀರು. ನಲ್ಲಿ ನೀರು ಬಂದು ನಾಲ್ಕು ದಿನ ಆಗಿತ್ತು. ಮಳೆ ಬಿದ್ದು ತಿಂಗಳುಗಳೇ ಆಗಿತ್ತು. ಪಕ್ಕದ ಮನೆಯಾಕೆ, "ಪುಣ್ಯ ಮಾಡಿದೀರಿ ಬಿಡ್ರಿ, ಸಂಪಲ್ಲೇ ಗಂಗೆ" ಅಂದರಂತೆ.

ಮೇಷ್ಟ್ರು ನನಗೆ ಫೋನ್ ಮಾಡಿದರು. ನಾನು ಟಾರ್ಚ್ ಹಿಡಿದು ಸಂಪಿನೊಳಗೆ ಇಳಿದೆ. ಗೋಡೆ ಮತ್ತು ತಳ ಸೇರುವ ಮೂಲೆಯಲ್ಲಿ ಒಂದು ಸಣ್ಣ ಬಿರುಕು. ಅದರಿಂದ ನೀರು ದಾರದ ಹಾಗೆ ಚಿಮ್ಮುತ್ತಿತ್ತು. ಬೆರಳಿಟ್ಟರೆ ಒತ್ತಡ ಗೊತ್ತಾಗುತ್ತಿತ್ತು. ಅಲ್ಲಿ ಕೂತೇ ನನಗೆ ಗೋಡೆಯ ಉಪ್ಪು ನೆನಪಾಯಿತು. ಎರಡು ವರ್ಷದಿಂದ ನಾವು ಮಳೆ ನೀರಿನ ಜೊತೆ ಗುದ್ದಾಡುತ್ತಿದ್ದೆವು. ಇದು ಮಳೆ ನೀರಲ್ಲ.

ಸಂಪು ತುಂಬಿದ್ದಷ್ಟು ದಿನ ಒಳಗಿನ ನೀರು ಹೊರಗಿನ ನೀರನ್ನು ತಡೆದು ಹಿಡಿದಿತ್ತು. ಖಾಲಿ ಮಾಡಿದ ಕೂಡಲೇ ಹೊರಗಿನದು ಒಳಗೆ ನುಗ್ಗಿತು. ಅವತ್ತೇ ಹೇಳಿದ್ದು, ಸಂಪನ್ನು ಕೂಡಲೇ ಅರ್ಧ ತುಂಬಿಸಿ ಇಡಿ, ಆದರೆ ಆ ನೀರು ಕುಡಿಯಬೇಡಿ ಅಂತ. ಸುತ್ತ ನೀರು ಏರಿರುವಾಗ ಖಾಲಿ ತೊಟ್ಟಿಯ ತಳ ಎದ್ದು ಬಿರಿಯುವುದುಂಟು.

ಮರುದಿನ ಸೈಟಿನ ಮೂರು ಕಡೆ ನಾಲ್ಕೂವರೆ ಅಡಿ ಗುಂಡಿ ತೋಡಿಸಿದೆವು, ಕೈಯಲ್ಲೇ. ಮೇಲೆ ಕೆಂಪಗೆ ಗರಸು, ಕೆಳಗೆ ಕಪ್ಪಗೆ ಎರೆ. ಎರಡೂ ಸೇರುವ ಗೆರೆಯಿಂದ ನೀರು ಒಸರುತ್ತಿತ್ತು. ರಸ್ತೆ ಕಡೆಯ ಗುಂಡಿಯಲ್ಲಿ ಜಾಸ್ತಿ, ಹಿತ್ತಲ ಗುಂಡಿಯಲ್ಲಿ ಕಮ್ಮಿ. ಒಂದೊಂದು ಗುಂಡಿಗೆ ಒಂದೊಂದು ಬಿದಿರು ಕೋಲು ನೆಟ್ಟು ಇಂಚಿನ ಗೆರೆ ಹಾಕಿದೆ. ದಿನಾ ಬೆಳಿಗ್ಗೆ ಎಂಟಕ್ಕೆ ಮೇಷ್ಟ್ರು ನೋಡಿ ನೋಟ್‌ಬುಕ್‌ನಲ್ಲಿ ಬರೆಯಬೇಕು. ಅವರಿಗೆ ಅದು ಇಷ್ಟವಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ದುಡ್ಡು ಕೊಡುವುದು ಬಿಟ್ಟು ಬೇರೆ ಕೆಲಸ ಸಿಕ್ಕಿತ್ತು.

ಹತ್ತು ದಿನ ನೀರು ಒಂದೇ ಮಟ್ಟದಲ್ಲಿತ್ತು. ಹನ್ನೊಂದನೇ ದಿನ ಇಳಿಯತೊಡಗಿತು. ಮೂರು ದಿನದಲ್ಲಿ ರಸ್ತೆ ಕಡೆಯ ಗುಂಡಿಯಲ್ಲಿ 7 ಇಂಚು ಕೆಳಗೆ ಹೋಯಿತು. ಚಾನಲ್ ನಿಂತಿದೆಯಾ ಅಂತ ಹೋಗಿ ನೋಡಿದರೆ ಇಲ್ಲ, ಹರಿಯುತ್ತಿದೆ. ಆದರೆ ಬಡಾವಣೆಗೆ ಅಂಟಿಕೊಂಡಿರುವ ಗದ್ದೆಯಲ್ಲಿ ನೀರಿರಲಿಲ್ಲ. ಯೂರಿಯಾ ಹಾಕುವ ಮೊದಲು ಗದ್ದೆಯ ನೀರು ಬಸಿದು ಬಿಡುತ್ತಾರೆ, ನಿಂತ ನೀರಿಗೆ ಹಾಕಿದರೆ ಗೊಬ್ಬರ ದಂಡ. ಗದ್ದೆಯವರು ಗೊಬ್ಬರ ಹಾಕಿ ಮತ್ತೆ ನೀರು ಕಟ್ಟಿದರು. ನಾಲ್ಕನೇ ದಿನಕ್ಕೆ ನೀರು ಮತ್ತೆ ಬಿದಿರು ಕೋಲಿನ ಹಳೇ ಗೆರೆ ಮುಟ್ಟಿತು.

ಆ ನೋಟ್‌ಬುಕ್ ಪುಟ ನನ್ನ ಫೋನಿನಲ್ಲಿ ಇನ್ನೂ ಇದೆ. ಗದ್ದೆಯ ನೀರು ಬದುವಿನ ಕೆಳಗಿಂದ ರಸ್ತೆಯ ಗರಸಿಗೆ ಇಳಿಯುತ್ತದೆ. ಗರಸು ಅದನ್ನು ಪೈಪಿನ ಹಾಗೆ ಹೊತ್ತು ತಂದು ಮೇಷ್ಟ್ರ ತೊಟ್ಟಿಗೆ ಸುರಿಯುತ್ತದೆ. ಗದ್ದೆಯವರನ್ನು ದೂರುವ ಹಾಗಿಲ್ಲ. ಗದ್ದೆ ಮೊದಲಿಂದ ಅಲ್ಲೇ ಇದೆ, ಆಮೇಲೆ ಬಂದವರು ನಾವು.

ಅಲ್ಲಿನ ಮಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಸಿದೆ. ದೊಡ್ಡ ಪರೀಕ್ಷೆಯೇನಲ್ಲ. ಒಣಗಿಸಿ, 425 ಮೈಕ್ರಾನ್ ಜರಡಿ ಹಿಡಿದ ಮಣ್ಣು ತಲಾ 10 ಗ್ರಾಂ ಎರಡು ಅಳತೆ ಗಾಜಿಗೆ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಎರೆಮಣ್ಣು ಉಬ್ಬುವುದಿಲ್ಲ. 24 ಗಂಟೆ ಬಿಟ್ಟು ನೋಡಿದರೆ ನಮ್ಮ ಮಣ್ಣು ಸೀಮೆಎಣ್ಣೆಯಲ್ಲಿ 11 ಮಿ.ಲೀ., ನೀರಿನಲ್ಲಿ 19. ಅಂದರೆ ಉಬ್ಬು ಶೇ 73ರ ಹತ್ತಿರ. ಶೇ 50 ದಾಟಿದರೇ ಎಚ್ಚರಿಕೆ ಬೇಕು. ಮಣ್ಣು ಪರೀಕ್ಷೆಯ ಭಾರತೀಯ ಮಾನಕ ಐಎಸ್ 2720ರ 40ನೇ ಭಾಗದಲ್ಲಿ ಈ ಪರೀಕ್ಷೆಯ ವಿವರ ಇದೆ. ಎರಡು ಗಾಜು ಪಕ್ಕಪಕ್ಕ ಇಟ್ಟು ತೋರಿಸಿದಾಗ ಮೇಷ್ಟ್ರ ಹೆಂಡತಿ, "ಇದರ ಮೇಲಾ ನಾವು ಮಲಗ್ತಿರೋದು?" ಅಂದರು. ನನ್ನ ಇಷ್ಟು ವರ್ಷದ ಭಾಷಣಕ್ಕಿಂತ ಆ ಎರಡು ಗಾಜು ಜಾಸ್ತಿ ಕೆಲಸ ಮಾಡಿದವು.

ಏನು ಮಾಡುವುದು ಅನ್ನುವ ನಿರ್ಧಾರ

ನೀರು ಹಿಡಿದು ಹೊರಗೆ ಕಳಿಸಬೇಕು, ಸರಿ. ಎಲ್ಲಿಗೆ? ಎರಡು ದಿನ ನೀರಿನ ಲೆವೆಲ್ ಪೈಪ್ ಹಿಡಿದು ಮಟ್ಟ ತೆಗೆದೆವು. ಮುಂದಿನ ರಸ್ತೆಯ ಚರಂಡಿಯ ತಳ ನಮ್ಮ ಗರಸಿನ ತಳಕ್ಕಿಂತ 9 ಇಂಚು ಮೇಲಿತ್ತು. ಅಂದರೆ ಕೆಳಗಿನ ನೀರು ತಾನಾಗಿ ಮುಂದಕ್ಕೆ ಹರಿಯುವ ಪ್ರಶ್ನೆಯೇ ಇಲ್ಲ. 2019ರಲ್ಲಿ ಈ ಒಂದು ಅಳತೆ ತೆಗೆದಿದ್ದರೆ ಸಾಕಿತ್ತು. ಆಗ ನಾವು ರಸ್ತೆಯ ಮೇಲ್ಮಟ್ಟ ನೋಡಿದೆವು, ಚರಂಡಿಯ ತಳ ನೋಡಲಿಲ್ಲ.

ಗೂಗಲ್ ಅರ್ಥ್‌ನಲ್ಲಿ ಹಳೇ ಚಿತ್ರಗಳಿಗೆ ಹಿಂದೆ ಹಿಂದೆ ಹೋದೆ. ಬಡಾವಣೆ ಆಗುವ ಮೊದಲಿನ ಚಿತ್ರದಲ್ಲಿ ಮೇಷ್ಟ್ರ ಸೈಟಿನ ಹಿಂದೆ ಓರೆಯಾಗಿ ಒಂದು ಕಡು ಹಸಿರು ಗೆರೆ. ಅದು ಬಸಿಗಾಲುವೆ. ಗದ್ದೆಯಲ್ಲಿ ಹೆಚ್ಚಾದ ನೀರು ಬಸಿದು ಹಳ್ಳಕ್ಕೆ ಹೋಗಲು ಇದ್ದ ದಾರಿ. ಸೈಟು ಮಾಡುವಾಗ ಮುಚ್ಚಿಹೋಗಿತ್ತು. ಎರಡು ಸೈಟು ದಾಟಿ ಆಚೆಗೆ ಹೋದರೆ ಅದರ ಮುಂದಿನ ತುಂಡು ಇನ್ನೂ ಜೀವಂತ, ಜೊಂಡು ಬೆಳೆದ ಒಂದು ಮೋರಿ. ನಮ್ಮ ಹಿತ್ತಲ ಮೂಲೆಯಿಂದ ಮೋರಿಗೆ 140 ಅಡಿ. ಇಳಿತ 14 ಇಂಚು. 120ಕ್ಕೆ 1. ಸಾಕು, ಧಾರಾಳ ಸಾಕು.

ದಾರಿ ಸಿಕ್ಕಿತು, ಆದರೆ ಅದು ಬೇರೆಯವರ ಎರಡು ಸೈಟಿನ ಒಳಗೆ. ಒಬ್ಬರು ಬೆಂಗಳೂರಿನಲ್ಲಿದ್ದರು, ಫೋನಿನಲ್ಲೇ ಒಪ್ಪಿದರು. ಇನ್ನೊಬ್ಬರು ಜಗಳ ತೆಗೆದಿದ್ದವರು. ಮೇಷ್ಟ್ರಿಗೆ ಅವರ ಮನೆಗೆ ಹೋಗಲು ಮನಸ್ಸಿರಲಿಲ್ಲ. ಕಡೆಗೆ ಒಂದು ಭಾನುವಾರ ಸಂಜೆ ಅವರನ್ನೇ ಸೈಟಿಗೆ ಕರೆದೆವು. ಮಂಡಕ್ಕಿ ಮಿರ್ಚಿ ತರಿಸಿ, ಗುಂಡಿಗಳ ಪಕ್ಕದಲ್ಲೇ ಕೂತೆವು. ನಾನು ಹೆಚ್ಚು ಮಾತಾಡಲಿಲ್ಲ. ಅವರ ಸೈಟಿನಲ್ಲೂ ಒಂದು ಗುಂಡಿ ತೋಡಿಸಿ ಕಾದೆವು. ಮಿರ್ಚಿ ಮುಗಿಯುವಷ್ಟರಲ್ಲಿ ಅದರ ತಳ ಒದ್ದೆಯಾಯಿತು, ಒಂದು ತಾಸಿಗೆ ನೀರು ಕೂತಿತು. "ಅಂದ್ರೆ ನಂದೂ ಇದೇ ಗತಿನಾ?" ಅಂದರು. ಪೈಪು ಅವರ ಸೈಟಿನ ಅಂಚಿನಲ್ಲೇ ಹೋಗಬೇಕು, ಮುಂದೆ ಅವರೂ ಅದಕ್ಕೆ ತಮ್ಮ ಪೈಪು ಸೇರಿಸಬಹುದು, ಇಷ್ಟು ಸ್ಟಾಂಪ್ ಪೇಪರ್‌ನಲ್ಲಿ ಬರೆದುಕೊಂಡರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಗೆದ್ದ ಜಾಗ ಇದೇ. ಪೈಪು, ಜಲ್ಲಿ ಎಲ್ಲಾ ಆಮೇಲಿನದು.

ಒಂದು ವಿಷಯ ಮೊದಲೇ ಪಕ್ಕಾ ಮಾಡಿಕೊಂಡೆವು. ಮೇಲಿನ ನೀರು, ಕೆಳಗಿನ ನೀರು ಎರಡನ್ನೂ ಒಂದೇ ಪೈಪಿಗೆ ಬಿಡುವುದಿಲ್ಲ. ಒಂದು ಇಂಚು ಮಳೆ ಬಿದ್ದರೆ 40ಕ್ಕೆ 60ರ ಸೈಟಿನ ಮೇಲೆ 200 ಘನ ಅಡಿ, ಅಂದರೆ ಹತ್ತಿರ ಹತ್ತಿರ 5,660 ಲೀಟರ್ ನೀರು. ಅದು ಅರ್ಧ ಗಂಟೆಯಲ್ಲಿ ಬಂದು ಸುರಿಯಬಹುದು. ಕೆಳಗಿನದು ನಿಧಾನದ್ದು, ದಿನಗಟ್ಟಲೆ ಒಸರುತ್ತದೆ. ಮಳೆಯ ರಭಸವನ್ನು ಒಸರಿನ ಪೈಪಿಗೆ ಬಿಟ್ಟರೆ ಪೈಪು ತುಂಬಿ ನೀರು ಮತ್ತೆ ಗರಸಿಗೇ ಹಿಂದೆ ಸರಿಯುತ್ತದೆ. ಛಾವಣಿ ನೀರು ಎತ್ತರದಲ್ಲಿದೆ, ಅದು ಮುಚ್ಚಿದ ಪಿವಿಸಿ ಪೈಪಿನಲ್ಲಿ ಮುಂದಿನ ಚರಂಡಿಗೆ ಹೋಗಲಿ. ಒಸರು ನೀರು ಹಿಂದಿನ ಮೋರಿಗೆ.

ಕೆಲಸ

ಮೇ ಮೂರನೇ ವಾರ ಚಾನಲ್ ನಿಂತು ನೆಲ ಒಣಗಿದ ಮೇಲೆ ಶುರು ಮಾಡಿದೆವು. ಮೋರಿ ಕಡೆಯಿಂದ ಮನೆ ಕಡೆಗೆ ಅಗೆಯುತ್ತಾ ಬಂದೆವು. ಹಾಗೆ ಮಾಡಿದರೆ ನಡುವೆ ನೀರು ಬಂದರೂ ತಾನಾಗಿ ಹೊರಗೆ ಹೋಗುತ್ತದೆ. ಹಿಂದಿನ ಸೈಟುಗಳಲ್ಲಿ ಜೆಸಿಬಿ, ಮನೆ ಪಕ್ಕದ ಐದಡಿ ಜಾಗದಲ್ಲಿ ಗುದ್ದಲಿ, ಹಾರೆ. ಜೆಸಿಬಿ ಒಂದು ಕಡೆ ನಲ್ಲಿ ಪೈಪು ಕಿತ್ತಿತು. ಅದು ಇದ್ದದ್ದೇ.

ಮನೆಯ ರಸ್ತೆ ಕಡೆ ಮತ್ತು ಒಂದು ಪಕ್ಕ, ಎಲ್ ಆಕಾರದಲ್ಲಿ ಕಾಲುವೆ. ಒಂದೂವರೆ ಅಡಿ ಅಗಲ, ಆಳ ಎರೆಮಣ್ಣು ಸಿಕ್ಕಿ ಅದರೊಳಗೆ ಇನ್ನೂ ಆರು ಇಂಚು. ಎರೆಗೆ ಇಳಿಯದಿದ್ದರೆ ನೀರು ಪೈಪಿನ ಕೆಳಗಿಂದ ನುಸುಳಿ ಹೋಗುತ್ತದೆ. ಕಾಲುವೆಗೆ ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು) ಹಾಸಿ, 20 ಎಂಎಂ ಜಲ್ಲಿ ಹಾಕಿ, ತೂತು ಮಾಡಿದ 4 ಇಂಚಿನ ಪೈಪಿಟ್ಟು, ಮೇಲೆ ಮತ್ತೆ ಜಲ್ಲಿ ಹಾಕಿ ಬಟ್ಟೆ ಮಡಚಿ ಮುಚ್ಚಿದೆವು. ತೂತು ಕೆಳಮುಖವಾಗಿರಬೇಕು. ಮೇಲ್ಮುಖವಾಗಿ ಇಡಲು ಹೊರಟವರನ್ನು ಎರಡು ಸಲ ತಡೆದೆ. ನೀರು ಕೆಳಗಿಂದ ಏರಿ ಪೈಪಿಗೆ ಬರುತ್ತದೆ, ಮೇಲಿಂದ ಬೀಳುವುದಿಲ್ಲ ಅನ್ನುವುದು ಎಷ್ಟು ಹೇಳಿದರೂ ತಲೆಗೆ ಹತ್ತುವುದು ಕಷ್ಟ. ಕಾಲುವೆಯ ಮೇಲಿನ ಒಂದಡಿಗೆ ಗರಸಲ್ಲ, ಎರೆಮಣ್ಣು ತುಂಬಿ ಒತ್ತಿಸಿದೆ. ಮಳೆ ನೀರು ಅಲ್ಲಿಂದ ಒಳಗೆ ಇಳಿಯಬಾರದಲ್ವಾ.

ಪೈಪು ಮುಚ್ಚುವ ಮೊದಲು ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ಮೇಲಿನ ತುದಿಯಲ್ಲಿ ಸುರಿದೆವು. ನಾನು ಮೋರಿ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತೆ. ಐದು ನಿಮಿಷ, ಹತ್ತು ನಿಮಿಷ. ಒಂದು ಸಣ್ಣ ನೀಲಿ ಎಳೆ ಬಂತು, ನಿಂತಿತು. ಬಕೆಟ್ ನೀರು ಎಲ್ಲೋ ಕೂತಿದೆ. ಲೆವೆಲ್ ಪೈಪ್ ಹಿಡಿದು ಹುಡುಕಿದರೆ ಹಿಂದಿನ ಸೈಟಿನ ನಡುವೆ 18 ಅಡಿ ಉದ್ದಕ್ಕೆ ಪೈಪು ಒಂದೂವರೆ ಇಂಚು ಜೋತುಬಿದ್ದಿತ್ತು. ಜೆಸಿಬಿ ಅಲ್ಲಿ ಜಾಸ್ತಿ ಅಗೆದಿತ್ತು, ಹುಡುಗರು ಸಡಿಲ ಮಣ್ಣು ತುಂಬಿ ಮಟ್ಟ ಮಾಡಿದ್ದರು. 2019ರದ್ದೇ ತಪ್ಪು, ಸಣ್ಣ ರೂಪದಲ್ಲಿ. ತೆಗೆಸಿ, ಕೆಳಗೆ ಗಟ್ಟಿ ಜಲ್ಲಿ ಹಾಸಿ ಮತ್ತೆ ಕೂರಿಸಿದೆವು. ಎರಡನೇ ಬಕೆಟ್ ನೀಲಿ ಎರಡು ನಿಮಿಷದೊಳಗೆ ಹೊರಬಂತು.

ಮೇಲ್ಮೈ ಕೆಲಸ ಸುಲಭದ್ದು. ಎತ್ತರಿಸಿದ್ದ ಒಂದಡಿ ಗರಸು ತೆಗೆಸಿದೆವು. ಗೋಡೆಯಿಂದ ಆಚೆಗೆ ಐದಡಿಗೆ ಮೂರು ಇಂಚು ಇಳಿಜಾರು ಕೊಟ್ಟೆವು. ಜಾಗ ಇದ್ದಲ್ಲಿ ಹತ್ತು ಅಡಿಗೆ ಆರು ಇಂಚು. ಗೋಡೆಗೆ ಅಂಟಿಸಿ ಬೆಳೆಸಿದ್ದ ಕರಿಬೇವು, ದಾಸವಾಳ ಕಿತ್ತು ಕಾಂಪೌಂಡ್ ಕಡೆ ನೆಟ್ಟೆವು. ದಿನಾ ಎರಡು ಕೊಡ ನೀರು ಗೋಡೆ ಬುಡಕ್ಕೇ ಬೀಳುತ್ತಿತ್ತು. ಕರಿಬೇವು ಬದುಕಲಿಲ್ಲ, ಅದಕ್ಕೆ ನನಗೆ ಇನ್ನೂ ಬೈಗುಳ ಇದೆ.

ಏನಾಯಿತು

ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. 2023 ಬರದ ವರ್ಷ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಚಾನಲ್ ನೀರಿಗೂ ಪರದಾಟ. ಮನೆ ಒಣಗಿತ್ತು. ಮೇಷ್ಟ್ರು ಬಂದವರಿಗೆಲ್ಲಾ ನನ್ನ ಹೆಸರು ಹೇಳಿ ಹೊಗಳುತ್ತಿದ್ದರು. ನಾನು ತಡೆದೆ. ನೀರೇ ಇಲ್ಲದ ವರ್ಷ ಯಾವ ಮನೆ ತಾನೇ ಒದ್ದೆಯಾಗುತ್ತೆ? ಅದೇ ವರ್ಷ ಹಿಂದಿನ ಖಾಲಿ ಸೈಟಿನ ಎರೆ ಎರಡು ಬೆರಳು ಹೋಗುವಷ್ಟು ಬಿರಿಯಿತು. ಕಾಂಪೌಂಡ್ ಇನ್ನಷ್ಟು ವಾಲಿ, ಕಡೆಗೆ 20 ಅಡಿ ಬಿಚ್ಚಿ ಕಟ್ಟಬೇಕಾಯಿತು.

2024ರಲ್ಲಿ ಮಳೆ ಚೆನ್ನಾಗಿ ಆಯಿತು. ಭದ್ರೆ ತುಂಬಿತು, ಚಾನಲ್ ಬಂತು, ಮೇಲಿನ ಗದ್ದೆಯಲ್ಲಿ ನಾಟಿ ಆಯಿತು. ಒಂದು ಬೆಳಿಗ್ಗೆ ಮೇಷ್ಟ್ರು ವಿಡಿಯೋ ಕಳಿಸಿದರು. ಮೋರಿ ಬಾಯಲ್ಲಿ ಪೈಪಿನಿಂದ ಕಿರುಬೆರಳು ದಪ್ಪದ ನೀರು, ತಿಳಿಯಾಗಿ. ಹೋಗಿ 15 ಲೀಟರ್ ಬಕೆಟ್ ಹಿಡಿದೆ. ಒಂದೂವರೆ ನಿಮಿಷಕ್ಕೆ ತುಂಬಿತು. ದಿನಕ್ಕೆ 14,400 ಲೀಟರ್. ಎರಡು ಟ್ಯಾಂಕರ್‌ಗಿಂತ ಜಾಸ್ತಿ ನೀರು ಮೂರು ವರ್ಷ ಈ ಮನೆಯ ಕೆಳಗೆ ದಿನಾ ಜಾಗ ಹುಡುಕುತ್ತಿತ್ತು ಅಂತ ನೆನೆದರೆ ಮೈ ಜುಮ್ಮೆನ್ನುತ್ತದೆ. ಸಂಪಿನ ಬಿರುಕು ತುಂಬಿಸಿ, ಒಳಗೆ ಹೊಸದಾಗಿ ಗಾರೆ ಹಾಕಿ, ಒಂದು ರಾತ್ರಿ ಖಾಲಿ ಬಿಟ್ಟು ನೋಡಿದೆವು. ಬೆಳಿಗ್ಗೆ ತಳ ಒಣಗಿತ್ತು. ಗೋಡೆಯ ಉಪ್ಪು ಮಾತ್ರ ಪೂರ್ತಿ ಹೋಗಿಲ್ಲ, ಒಮ್ಮೆ ಹೀರಿದ್ದನ್ನು ಗೋಡೆ ನಿಧಾನಕ್ಕೆ ಬಿಡುತ್ತದೆ.

ಪೋರ್ಟಿಕೋ ಇನ್ನೂ ಅರ್ಧ ಇಂಚು ಇಳಿದಿದೆ. ಒತ್ತದ ಗರಸು, ಅದರ ಪಾಡಿಗೆ ಅದು ಕೂರುತ್ತಿದೆ. ಒಡೆದು ಮತ್ತೆ ಮಾಡಿ ಅಂತ ನಾನು ಹೇಳಿಲ್ಲ. ಎರಡು ವರ್ಷ ಬಿಟ್ಟು ನೋಡೋಣ ಅಂದಿದ್ದೇನೆ. ದುಡ್ಡಿನ ವಿಷಯಕ್ಕೆ ಬಂದರೆ, ಎರಡು ಸಲ ಎತ್ತರಿಸಲು ಹೋದದ್ದು ಪೈಪಿನ ಕೆಲಸಕ್ಕೆ ಹೋದದ್ದರ ಮೂರು ಪಟ್ಟು. ಎದುರು ಸಾಲಿನ ಮನೆಯವರು ಈಗಲೂ ಮೋಟರ್ ಹಾಕುತ್ತಾರೆ. ಅವರಿಗೆ ಹಿಂದೆ ಮೋರಿ ಇಲ್ಲ, ಅವರದ್ದು ಒಬ್ಬರೇ ಬಿಡಿಸಿಕೊಳ್ಳುವ ಸಮಸ್ಯೆಯೂ ಅಲ್ಲ. ಬಡಾವಣೆ ಮಾಡುವಾಗಲೇ ಗದ್ದೆ ಅಂಚಿಗೆ ಒಂದು ಆಳದ ಬಸಿಗಾಲುವೆ ಬಿಟ್ಟಿದ್ದರೆ ಅಷ್ಟೂ ಮನೆಗಳು ನೆಮ್ಮದಿಯಾಗಿ ಇರುತ್ತಿದ್ದವು.

ಈಗ ಎರೆ ನೆಲದಲ್ಲಿ ಯಾರು ಸೈಟು ತೋರಿಸಿದರೂ ನಾನು ಮೊದಲು ಕೇಳುವುದು ನೀರು ಎಲ್ಲಿಗೆ ಹೋಗುತ್ತೆ ಅಂತ. ಎಷ್ಟು ಎತ್ತರ ಅನ್ನುವುದು ಆಮೇಲೆ. ತಳ ಕೆರೆಯುವ ದಿನ ಸಂಜೆ ತನಕ ನಾನೇ ನಿಲ್ಲುತ್ತೇನೆ, ತಳಕ್ಕೂ ಒಂದು ಕಡೆಗೆ ಇಳಿಜಾರು ಕೊಡಿಸುತ್ತೇನೆ. ಲೋಡ್ ಲೆಕ್ಕಕ್ಕೆ ಕಾಲು ಭಾಗ ಸೇರಿಸುತ್ತೇನೆ. ರೋಲರ್ ಬೇಡ ಅನ್ನುವವರ ಕೆಲಸ ಎರಡು ಬಿಟ್ಟಿದ್ದೇನೆ, ಬೇರೆಯವರು ಮಾಡಿಕೊಟ್ಟರು. ಇರಲಿ.

ಪೈಪಿನ ದಾರಿಗೆ ಮೂರು ಕಡೆ ಕಲ್ಲು ನೆಟ್ಟಿದ್ದೇವೆ. ಅಳತೆಯ ನಕ್ಷೆಯನ್ನು ಮೇಷ್ಟ್ರು ಲ್ಯಾಮಿನೇಟ್ ಮಾಡಿಸಿ ಅಡುಗೆಮನೆ ಬಾಗಿಲ ಹಿಂದೆ, ಗ್ಯಾಸ್ ಪುಸ್ತಕದ ಪಕ್ಕ ನೇತು ಹಾಕಿದ್ದಾರೆ. ಪ್ರತಿ ಸಲ ಚಾನಲ್ ಬರುವ ಮೊದಲು ಮೋರಿ ಬಾಯಿಯ ಜಾಲರಿ ತೆಗೆದು ಹೂಳು ಕೆರೆಯುತ್ತಾರೆ. ಕಪ್ಪೆ ಇದ್ದರೆ ಓಡಿಸುತ್ತಾರೆ.

ಹೋದ ತಿಂಗಳು ಬೆಂಗಳೂರಿನ ಸೈಟಿನವರು ಫೋನ್ ಮಾಡಿದರು. ಮನೆ ಕಟ್ಟಲು ತಯಾರಿ.

"ನಮ್ಮ ಸೈಟಿಗೆ ಎಷ್ಟು ಲೋಡ್ ಗರಸು ಬೇಕಾಗುತ್ತೆ ಸಾರ್?"

"ಮೊದಲು ನಾಲ್ಕೂವರೆ ಅಡಿಯ ಒಂದು ಗುಂಡಿ ತೋಡಿಸಿ. ಚಾನಲ್ ಬಂದ ಮೇಲೆ ಹೇಳ್ತೀನಿ."

"ಅಲ್ಲಿ ತನಕ ಕಾಯ್ಬೇಕಾ?"

"ಹೌದು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಗುಂಡಿ ಯಾವ ಮೂಲೆಯಲ್ಲಿ ತೋಡಿಸಬೇಕು ಅಂತ ಕೇಳಿದರು.